ಕತ್ತರಿಯಣ್ಣನ ಐದು ಗುಂಡಿ

ಕತ್ತರಿಯಣ್ಣನಿಗೆ ಕೋಪ ಬಂದರೆ ಅದು ಮೊದಲು ಗೊತ್ತಾಗುತ್ತಿದ್ದದ್ದು ಅವನ ಕತ್ತರಿಯ ಸದ್ದಿನಿಂದ. ಮೇಜಿನ ಮೇಲೆ ಕರಕರನೆ ಓಡುತ್ತಿದ್ದದ್ದು ಗಕ್ಕನೆ ನಿಂತುಬಿಡುತ್ತಿತ್ತು. ಅದರ ಹಿಂದೆಯೇ ಹೊಲಿಗೆ ಯಂತ್ರಗಳೂ ಒಂದೊಂದಾಗಿ ನಿಲ್ಲುತ್ತಿದ್ದವು. ಇವತ್ತು ಯಾರ ಗ್ರಹಚಾರ ಕೆಟ್ಟಿದೆಯೋ ಎಂದು ಎಲ್ಲರೂ ಕೈಯಲ್ಲಿದ್ದ ಹೊಲಿಗೆಯ ಕಡೆ ಕಣ್ಣು ಇಳಿಸುತ್ತಿದ್ದರು. ಬೈಗುಳ ಮುಗಿದ ಮೇಲೆ ಕತ್ತರಿ ಮತ್ತೆ ಓಡುತ್ತಿತ್ತು, ಯಂತ್ರಗಳೂ ಓಡುತ್ತಿದ್ದವು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ. ಆದರೆ ಅವನು ಕತ್ತರಿಸಿಕೊಟ್ಟ ಬಟ್ಟೆ ಯಾರ ಮೈಗೂ ಮೋಸ ಮಾಡಿದ್ದಿಲ್ಲ. ನಾವೆಲ್ಲ ಬಾಯಿ ಸಿಹಿ ಇರುವವರಿಂದ ಎಷ್ಟು ಬಿಗಿಯಾದ ಅಂಗಿ ಹೊಲಿಸಿಕೊಂಡು ಒದ್ದಾಡಿಲ್ಲ!

ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಹೊಲಿಗೆ ಹಾಲು, ಅಂದರೆ ಒಂದೇ ಒಂದು ಉದ್ದನೆಯ ಕೋಣೆ. ದಾದಿಯರಿಗೆ, ಶಾಲೆಯ ಮಕ್ಕಳಿಗೆ, ಹೋಟೆಲಿನ ಅಡುಗೆಯವರಿಗೆ ಸಮವಸ್ತ್ರ ಹೊಲಿಯುವುದು ಅಲ್ಲಿನ ಕೆಲಸ. ಹನ್ನೊಂದು ಜನ, ಹನ್ನೊಂದು ಜನರೂ ಪಾಲುದಾರರೇ. ಮಾಲೀಕ ಎಂಬ ಪ್ರಾಣಿ ಅಲ್ಲಿ ಇರಲಿಲ್ಲ. ಅದರ ಬದಲು ಒಬ್ಬ ಮೇಸ್ತ್ರಿ ಇರುತ್ತಿದ್ದ. ಕೆಲಸ ಹಂಚುವುದು, ಗಿರಾಕಿಗಳ ಹತ್ತಿರ ಮಾತಾಡುವುದು, ಬಟ್ಟೆಯ ಕೋಣೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಮೇಸ್ತ್ರಿಯ ಪಾಲಿಗೆ. ಅವನಿಗೆ ಕಿಟಕಿಯ ಪಕ್ಕ ಕೈಗಳಿರುವ ಒಂದು ಕುರ್ಚಿ. ಉಳಿದವರಿಗೆಲ್ಲ ಸ್ಟೂಲು.

ಆ ಕುರ್ಚಿಯ ಮೇಲೆ ಕತ್ತರಿಯಣ್ಣನ ಕಣ್ಣು ಬಿದ್ದದ್ದು ಅವನ ಮೀಸೆ ಮೂಡುವ ಕಾಲಕ್ಕೇ. ಮೂಟೆ ಹೊರುತ್ತಿದ್ದ ಅಪ್ಪ ಅವನನ್ನು ಆ ಮೆಟ್ಟಿಲು ಹತ್ತಿಸಿ, "ಬೆನ್ನಿನ ಕೆಲಸ ನನಗೇ ಸಾಕು, ನೀನು ಕೈಯ ಕೆಲಸ ಕಲಿ" ಎಂದು ಬಿಟ್ಟುಹೋಗಿದ್ದ. ಆವತ್ತು ಕುರ್ಚಿಯಲ್ಲಿ ಕೂತಿದ್ದವರು ಅವನಿಗೆ ರಾಜನ ಹಾಗೆ ಕಂಡಿದ್ದರು. ಕಲಿತ, ಬೆಳೆದ, ಅದೇ ಹಾಲಿನಲ್ಲಿ ಕಾಲರು ಹೊಲಿಯುತ್ತಿದ್ದವಳನ್ನೇ ಮದುವೆಯಾದ. ಕೂದಲು ನೆರೆಯಿತು. ಕುರ್ಚಿಯ ಆಸೆ ಮಾತ್ರ ನೆರೆಯಲಿಲ್ಲ. ಹೀಗಿರುವಾಗ ಹಳೇ ಮೇಸ್ತ್ರಿಗೆ ಸೂಜಿಯ ಕಣ್ಣು ಕಾಣದಂತಾಯಿತು. "ಇನ್ನು ನನ್ನ ಕೈಲಿ ಆಗಲ್ಲ, ಬೇರೆಯವರನ್ನ ಆರಿಸ್ಕೊಳ್ಳಿ" ಎಂದರು.

ಅಲ್ಲಿ ಮೇಸ್ತ್ರಿಯನ್ನು ಆರಿಸುವುದಕ್ಕೆ ಒಂದು ಪದ್ಧತಿ ಇತ್ತು. ಹಾಲಿನ ಮೂಲೆಯಲ್ಲಿ ಅಳತೆ ನೋಡಲು ಒಂದು ಪರದೆ ಕಟ್ಟಿದ್ದರು. ಅದರ ಹಿಂದೆ, ಮೇಸ್ತ್ರಿಯಾಗಲು ನಿಂತವರ ಹೆಸರಿಗೆ ಒಂದೊಂದು ಡಬ್ಬಿ. ಇಳಿಯುವ ಮೇಸ್ತ್ರಿಗೆ ಗುಂಡಿಯಿಲ್ಲ, ಎಣಿಸುವುದಷ್ಟೇ. ಉಳಿದ ಹನ್ನೊಂದು ಜನ ಒಬ್ಬೊಬ್ಬರೂ ಒಂದು ಬಿಳಿ ಗುಂಡಿ ಹಿಡಿದು ಒಳಗೆ ಹೋಗಿ, ತಮಗೆ ಬೇಕಾದವರ ಡಬ್ಬಿಗೆ ಹಾಕಿ ಬರಬೇಕು. ಅಲ್ಲಿಯವರೆಗೆ ಯಾವಾಗಲೂ ಇಬ್ಬರೇ ನಿಲ್ಲುತ್ತಿದ್ದರು. ಎರಡು ಡಬ್ಬಿ ಇರುವ ತನಕ ಆ ಪದ್ಧತಿಗೆ ಯಾರೂ ಹೆಸರಿಡುವ ಹಾಗಿರಲಿಲ್ಲ. ಹನ್ನೊಂದರಲ್ಲಿ ಆರು ಗುಂಡಿ ಯಾರಿಗೆ ಬಿತ್ತೋ ಅವರು ಮೇಸ್ತ್ರಿ, ಮಾತು ಮುಗಿಯಿತು.

ಈ ಸಲ ಮೂವರು ನಿಂತರು. ಕತ್ತರಿಯಣ್ಣ ನಿಂತದ್ದು ಸರಿಯೇ. ಎರಡನೆಯವನು ಇಸ್ತ್ರಿಯವನು, ಕತ್ತರಿಯಣ್ಣನ ಹೆಂಡತಿಯ ಸ್ವಂತ ತಮ್ಮ. ನಗಿಸುವುದರಲ್ಲಿ ಎತ್ತಿದ ಕೈ, ಎಲ್ಲರಿಗೂ ಬೇಕಾದವನು. ಆದರೆ ಯಾವ ಕೆಲಸ ಕೇಳಿದರೂ "ನಾಳೆ ನೋಡೋಣ ಬಿಡಿ" ಎನ್ನುವ ಜಾತಿ. ಮೂರನೆಯವಳು ಕಾಜಕ್ಕ. ಅಂಗಿಗೆ ಗುಂಡಿಯ ಕಾಜ ಹಾಕುವವಳು, ಹೆಚ್ಚು ಮಾತಿಲ್ಲ, ಗದ್ದಲವಿಲ್ಲ. ಮನೆಯಲ್ಲಿ ಜಗಳವಾಡಿ ಬಂದವರೆಲ್ಲ ಅವಳ ಪಕ್ಕದ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತು ಏಳುತ್ತಿದ್ದರು. ಹಳೇ ಮೇಸ್ತ್ರಿ ಒತ್ತಾಯ ಮಾಡಿದ್ದಕ್ಕೆ "ಆಗಲಿ, ನನ್ನದೂ ಒಂದು ಡಬ್ಬಿ ಇರಲಿ" ಎಂದಿದ್ದಳು.

ಹಳೇ ಮೇಸ್ತ್ರಿ ಡಬ್ಬಿಗಳನ್ನು ಮೇಜಿನ ಮೇಲೆ ಬಗ್ಗಿಸಿದರು. ಕತ್ತರಿಯಣ್ಣನಿಗೆ ಐದು, ಇಸ್ತ್ರಿಯವನಿಗೆ ನಾಲ್ಕು, ಕಾಜಕ್ಕನಿಗೆ ಎರಡು. ಆರು ಯಾರಿಗೂ ಬಿದ್ದಿರಲಿಲ್ಲ. ಅದನ್ನು ಯಾರೂ ಎತ್ತಿ ಹೇಳಲಿಲ್ಲ, ಐದೇ ದೊಡ್ಡದಲ್ಲವೇ ಎಂದು ಬೀಗದ ಕೈಯನ್ನು ಅವನ ಕೈಗೆ ಕೊಟ್ಟರು. ಕತ್ತರಿಯಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆ ಐದೂ ಯಾರ ಗುಂಡಿಗಳೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟ. ಒಂದು ತನ್ನದು, ಒಂದು ಹೆಂಡತಿಯದು, ಮೂರು ತನ್ನ ಕೈಕೆಳಗೆ ಪಳಗಿದ ದರ್ಜಿಗಳದು. ಮೇಸ್ತ್ರಿಯಾದವರ ಪದ್ಧತಿಯಂತೆ ತನ್ನ ಕತ್ತರಿಯನ್ನು ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿ ಹೋಗಿ ಕುರ್ಚಿಯಲ್ಲಿ ಕೂತ.

ಒಂದು ತಿಂಗಳು ಕಳೆಯಿತು. ಯಾರೂ ಎದುರು ಮಾತಾಡಲಿಲ್ಲ. ಆದರೆ ಹೇಳಿದಷ್ಟೇ ಮಾಡಿದರು. ಅಂಗಿ ಹೊಲಿ ಎಂದರೆ ಅಂಗಿ ಹೊಲಿದರು, ಅದರ ಜೇಬು ಓರೆಯಾಗಿದ್ದರೆ ಓರೆಯಾಗಿಯೇ ಕೊಟ್ಟರು. ಕೇಳಿದರೆ "ಜೇಬಿನ ವಿಷಯ ತಾವು ಹೇಳಲಿಲ್ಲವಲ್ಲ" ಎಂದರು. ಕೆಲಸದ ನಡುವೆ ಗುನುಗುತ್ತಿದ್ದವರು ಗುನುಗುವುದನ್ನು ಬಿಟ್ಟರು. ಇಸ್ತ್ರಿಯವನಂತೂ ಭಾವ ಎನ್ನುವುದನ್ನೇ ಮರೆತು "ಮೇಸ್ತ್ರಿಗಳೇ" ಎಂದು ಬಗ್ಗಿ ಬಗ್ಗಿ ಮಾತಾಡತೊಡಗಿದ. ಕತ್ತರಿಯಣ್ಣ ಬೈಯಲು ಬಾಯಿ ತೆರೆಯುತ್ತಿದ್ದ, ಆದರೆ ನಿಲ್ಲಿಸುವುದಕ್ಕೆ ಕೈಯಲ್ಲಿ ಕತ್ತರಿ ಇಲ್ಲದೆ ಬೈಗುಳಕ್ಕೆ ಆರಂಭವೇ ಸಿಗುತ್ತಿರಲಿಲ್ಲ. ಕುರ್ಚಿಯ ಕೈಯ ಮೇಲೆ ಅವನ ಬಲಗೈಯ ಎರಡು ಬೆರಳು ತಮ್ಮಷ್ಟಕ್ಕೆ ತೆರೆಯುತ್ತ ಮುಚ್ಚುತ್ತ ಇರುತ್ತಿದ್ದವು. ಅವನು ಅದನ್ನು ಗಮನಿಸಲಿಲ್ಲ.

ಒಂದು ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಾರಿಕೊಂಡ.

"ನಾನೇನು ಕದ್ದು ಮೇಸ್ತ್ರಿ ಆದ್ನಾ? ಎಲ್ಲರಿಗಿಂತ ಜಾಸ್ತಿ ಗುಂಡಿ ಬಿತ್ತು, ಆದೆ. ಮತ್ಯಾಕೆ ಎಲ್ಲಾ ಮುಖ ಊದಿಸ್ಕೊಂಡು ಕೂತಿದಾರೆ?"

ಹೆಂಡತಿ ನೀರಿನ ಲೋಟ ಅವನ ಮುಂದೆ ಇಟ್ಟಳು. "ಐದು ಜನ ನೀವೇ ಬೇಕು ಅಂದ್ರು. ಆರು ಜನ ನಿಮ್ಮನ್ನೊಬ್ಬರನ್ನ ಬಿಟ್ಟು ಯಾರಾದ್ರೂ ಆಗಲಿ ಅಂದ್ರು. ಆ ಆರು ಜನ ಎರಡು ಡಬ್ಬಿಗೆ ಹಂಚಿಹೋದ್ರು, ನೀವು ಗೆದ್ರಿ. ಇಬ್ಬರ ಜಗಳ ಮೂರನೆಯವನಿಗೆ ಲಾಭ."

"ಅಂದ್ರೆ ಇಡೀ ಹಾಲಿಗೆ ನಾನು ಬೇಡವಾದವನು ಅಂತೀಯ?"

"ಹಾಲಿಗೆ ಅಂತ ನಾನೆಲ್ಲಿ ಅಂದೆ? ಅರ್ಧಕ್ಕಿಂತ ಒಬ್ಬರು ಹೆಚ್ಚು ಜನಕ್ಕೆ ಅಂದೆ."

"ಸುಳ್ಳು! ಕಾಜಕ್ಕನಿಗೆ ಹಾಕಿದ ಆ ಇನ್ನೊಬ್ಬರು ಯಾರೋ, ಅವರನ್ನ ಕೇಳಿದ್ರೆ ಎರಡನೇ ಹೆಸರು ನಂದೇ ಹೇಳ್ತಾರೆ."

"ಕೇಳಿ ನೋಡಿ" ಎಂದು ಅವಳು ಏಳುವಾಗ ನಕ್ಕಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಆ ಮಾತು ಅವನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಬೇರೆಯವರಾಗಿದ್ದರೆ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕುರ್ಚಿಗೆ ಅಂಟಿಕೊಂಡಿರುತ್ತಿದ್ದರು. ಕತ್ತರಿಯಣ್ಣನಿಗೆ ಕುರ್ಚಿಯಷ್ಟೇ ಸಾಕಾಗಲಿಲ್ಲ, ಅದರಲ್ಲಿ ತನ್ನನ್ನು ಕೂರಿಸಿದ್ದು ಹಾಲಿನ ಬಹುಪಾಲು ಜನ ಎಂದೂ ಆಗಬೇಕಿತ್ತು. ಹೆಂಡತಿಯ ಲೆಕ್ಕ ತಪ್ಪು ಎಂದು ಅವಳ ಕಣ್ಣೆದುರೇ ತೋರಿಸಬೇಕಿತ್ತು. ಮರುದಿನ ಟೀ ಕುಡಿಯುವ ಹೊತ್ತಿಗೆ ಹಳೇ ಮೇಸ್ತ್ರಿಯನ್ನು ಕರೆಸಿ, ಎಲ್ಲರ ಮುಂದೆ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟ.

"ಇನ್ನೊಂದ್ಸಲ ಆರಿಸಿ. ಈ ಸಲ ಆಮೇಲೆ ಯಾರೂ ಗೊಣಗಬಾರದು, ಹಾಗೆ ಆರಿಸಿ."

ಹಾಲಿಗೆ ಒಂದು ತಿಂಗಳ ಮೇಲೆ ಬಾಯಿ ಬಂತು. ಹೇಗೆ ಆರಿಸುವುದೆಂದು ಒಬ್ಬೊಬ್ಬರದು ಒಂದೊಂದು ಮಾತು. ದರ್ಜಿಗಳಲ್ಲಿ ಒಬ್ಬ, "ಮೊದಲನೇ ಇಷ್ಟಕ್ಕೆ ಎರಡು ಗುಂಡಿ, ಎರಡನೇದಕ್ಕೆ ಒಂದು ಗುಂಡಿ ಹಾಕೋಣ, ಕೂಡಿಸೋಣ" ಎಂದ. ಕೇಳಲು ಚೆನ್ನಾಗಿತ್ತು. ಆದರೆ ಹಳೇ ಮೇಸ್ತ್ರಿ ಮೂಲೆಯ ಪರದೆಯ ಕಡೆ ಕೈ ತೋರಿಸಿದರು. ಹಸಿರು ಪರದೆ, ಹಸಿರೆಂದರೆ ಹಳೇ ಬಾವಿಯ ಪಾಚಿಯ ಹಸಿರು. ಅದನ್ನು ನೋಡಿದಾಗಲೆಲ್ಲ ಯಾರಾದರೊಬ್ಬರು ಮುಖ ಸಿಂಡರಿಸುತ್ತಿದ್ದರು.

"ಅದು ಹೇಗೆ ಬಂತು, ಮರೆತ್ರಾ? ಇದೇ ಥರ ಎರಡು ಗುಂಡಿ, ಒಂದು ಗುಂಡಿ ಅಂತ ಹಾಕಿದ್ವಿ. ಆರು ಜನಕ್ಕೆ ನೀಲಿ ಬೇಕಿತ್ತು, ಹಸಿರು ಅವರಿಗೆ ಎರಡನೇದು. ಉಳಿದ ಐದು ಜನ ಹಸಿರಿಗೆ ಎರಡೆರಡು, ಬೂದು ಬಣ್ಣಕ್ಕೆ ಒಂದೊಂದು ಹಾಕಿ, ನೀಲಿಗೆ ಏನೂ ಹಾಕಲಿಲ್ಲ. ಕೂಡಿಸಿದ್ರೆ ಹಸಿರಿಗೆ ಹದಿನಾರು, ನೀಲಿಗೆ ಹನ್ನೆರಡು, ಹಸಿರು ಗೆದ್ದುಬಿಡ್ತು! ನೀಲಿ, ಹಸಿರು ಎರಡೇ ಇಟ್ಟು ಕೇಳಿದ್ರೆ ಆರು ಜನ ನೀಲಿ ಅಂತಿದ್ರು. ಆರು ಜನ ಒಂದೇ ಮಾತು ಹೇಳಿದ್ರೂ ಸೋತ್ರು. ಆವತ್ತಿಂದ ಇವತ್ತಿನವರೆಗೂ ಗೊಣಗ್ತಾನೇ ಇದೀರ."

ಪರದೆಯ ಸಾಕ್ಷಿಯ ಮುಂದೆ ದರ್ಜಿ ತನ್ನ ಮಾತು ಹಿಂದಕ್ಕೆ ತೆಗೆದುಕೊಂಡ. ಆಗ ಇಸ್ತ್ರಿಯವನು ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಬಂದ.

"ಸುಲಭ ಇದೆ. ಯಾರಿಗೆ ಕಡಿಮೆ ಗುಂಡಿ ಬಿದ್ದಿದೆಯೋ ಅವರನ್ನ ಮೊದಲು ತೆಗೆದುಬಿಡೋಣ. ಉಳಿದ ಇಬ್ಬರಿಗೆ ಮತ್ತೆ ಗುಂಡಿ ಹಾಕೋಣ. ಕಾಜಕ್ಕನಿಗೆ ಬೇಜಾರಿಲ್ಲ ತಾನೆ?"

ಕಾಜಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವನ ಮಾತಿನ ಹುನ್ನಾರ ಕತ್ತರಿಯಣ್ಣನಿಗೆ ತಕ್ಷಣ ಹೊಳೆಯಿತು. ಕಾಜಕ್ಕನ ಎರಡು ಗುಂಡಿಯೂ ತನ್ನ ಕಡೆಗೆ ಉರುಳುತ್ತವೆ, ನಾಲ್ಕು ಆರಾಗುತ್ತದೆ ಎಂಬುದು ಭಾಮೈದನ ಲೆಕ್ಕ. ಆದರೆ ಅವನನ್ನು ತಡೆದದ್ದು ಆ ಹುನ್ನಾರವೊಂದೇ ಅಲ್ಲ ಎಂದು ಹೇಳಬೇಕು. ಅವನೊಳಗಿನ ಕತ್ತರಿಯವನಿಗೂ ಆ ಮಾತು ಸರಿ ಕಾಣಲಿಲ್ಲ.

ಗಿರಾಕಿಗಳು ಹಳೇ ತೋಳಿನ ತುಂಡೊಂದನ್ನು ತಂದು ಇದೇ ಬಣ್ಣ ಬೇಕು ಎನ್ನುತ್ತಿದ್ದರು. ಕೋಣೆಯಲ್ಲಿ ಹತ್ತಿರಹತ್ತಿರದ ಬಣ್ಣದ ಬಟ್ಟೆಯ ಸುರುಳಿಗಳು, ಅಂದರೆ ಥಾನುಗಳು, ಮೂರೋ ನಾಲ್ಕೋ ಇರುತ್ತಿದ್ದವು. ಕತ್ತರಿಯಣ್ಣ ಅವೆಲ್ಲವನ್ನೂ ಒಟ್ಟಿಗೆ ಹರಡಿ ನೋಡಿದ್ದೇ ಇಲ್ಲ. ಎರಡೇ ಥಾನು ತಂದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಹತ್ತಿರದ್ದನ್ನು ಉಳಿಸಿಕೊಂಡು, ಅದರ ಪಕ್ಕ ಮುಂದಿನದ್ದನ್ನು ಹಿಡಿಯುತ್ತಿದ್ದ. ಎಲ್ಲದರ ಪಕ್ಕ ನಿಂತೂ ಯಾವುದು ಗೆಲ್ಲುತ್ತದೋ ಅದೇ ಬಟ್ಟೆ. ಹೊಸಬರಿಗೆ ಅವನು ಕಲಿಸುತ್ತಿದ್ದ ಮೊದಲ ಪಾಠವೇ ಅದು.

"ಅದಾಗಲ್ಲ" ಎಂದ ಅವನು. "ಮೂರನ್ನೂ ಒಟ್ಟಿಗೆ ಹರಡಿದ್ರೆ ಕಣ್ಣು ಹೊಳೆಯೋ ಕಡೆ ಓಡುತ್ತೆ. ಮೊದಲ ನೋಟಕ್ಕೆ ಕಣ್ಣಿಗೆ ಬೀಳಲಿಲ್ಲ ಅಂತ ಒಂದು ಥಾನನ್ನ ಮೂಲೆಗೆ ಎಸೆಯೋದಾ? ಎಷ್ಟೋ ಸಲ ಕೊನೆಗೆ ಹೊಂದಿದ್ದು ಅದೇ. ಎರಡೆರಡೇ ಹಿಡೀಬೇಕು. ಈ ಮೇಜಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಯಾರು ಬೇಕೋ ಅವರ ಕಡೆ ಹೋಗಿ ನಿಲ್ಲಿ. ಇಬ್ಬರನ್ನೂ ಗೆದ್ದವರು ಮೇಸ್ತ್ರಿ. ಮೊದಲು ಇಸ್ತ್ರಿ, ಕಾಜಕ್ಕ. ಆಮೇಲೆ ನಾನು."

ಮಾತು ನ್ಯಾಯವಾಗಿತ್ತು. ಆದರೆ ಹೇಳಿದವನು ಪೂರ್ತಿ ನ್ಯಾಯವಂತನಾಗಿರಲಿಲ್ಲ. ಅವನ ಭಯವಿದ್ದದ್ದು ಭಾಮೈದನ ಮೇಲೆ. ಎರಡು ಗುಂಡಿಯ ಕಾಜಕ್ಕ ಎದುರಿಗೆ ಸಿಕ್ಕಿದರೆ ಊದಿ ಹಾರಿಸಬಹುದು ಎಂದುಕೊಂಡಿದ್ದ. ಒಳ್ಳೆಯ ದಾರಿಯನ್ನು ನಾವು ಹಿಡಿಯುವುದು ಎಷ್ಟೋ ಸಲ ಹೀಗೇ, ಅದು ನಮ್ಮ ಮನೆಯ ಕಡೆಗೇ ಹೋಗುತ್ತದೆ ಎಂಬ ನಂಬಿಕೆಯಿಂದ.

"ಎಲ್ಲರ ಎದುರು ನಿಲ್ಲೋದಾ? ಪರದೆ ಬೇಡ್ವಾ?" ಎಂದು ಯಾರೋ ಕೇಳಿದರು.

"ನನಗೆ ಭಯ ಇಲ್ಲ. ನಿಮಗಿದ್ರೆ ಹೇಳಿ" ಎಂದ ಕತ್ತರಿಯಣ್ಣ. ಭಯ ಇದೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಖಾಲಿ ಮಾಡಿದರು. ಕಿಟಕಿಯ ಕಡೆ ಕಾಜಕ್ಕ, ಗೋಡೆಯ ಕಡೆ ಇಸ್ತ್ರಿಯವನು. ಇಸ್ತ್ರಿಯವನ ಕಡೆಗೆ ಅವನ ಗೆಳೆಯರು ಮೂವರು ಹೋಗಿ ನಿಂತರು, ಅವನೂ ಸೇರಿ ನಾಲ್ಕು. ಕತ್ತರಿಯಣ್ಣ ಗತ್ತಿನಿಂದ ಕಿಟಕಿಯ ಕಡೆಗೆ ನಡೆದ. ಮೂವರು ದರ್ಜಿಗಳೂ ಬಂದರು. ನಾಳೆ ನೋಡೋಣ ಎನ್ನುವವನ ಕೈಗೆ ಕೆಲಸ ಹಂಚುವುದನ್ನು ಕೊಟ್ಟರೆ ತಮ್ಮ ಗತಿಯೇನು ಎಂದು ಅವರಿಗೆ ಗೊತ್ತಿತ್ತು. ಬಟ್ಟೆಯ ಚೂರು ಗುಡಿಸುವ ಅಜ್ಜಿಯೂ ಪೊರಕೆ ಹಿಡಿದುಕೊಂಡೇ ಇತ್ತ ಬಂದಳು. ಕತ್ತರಿಯಣ್ಣನ ಹೆಂಡತಿ ಒಂದು ಗಳಿಗೆಯೂ ಯೋಚಿಸದೆ ತಮ್ಮನನ್ನು ದಾಟಿಕೊಂಡು ಬಂದು ಕಾಜಕ್ಕನ ಪಕ್ಕ ನಿಂತಳು.

"ಅಕ್ಕಾ, ನೀನೂನಾ?" ಎಂದು ತಮ್ಮ ನಕ್ಕ. "ಒಡಹುಟ್ಟಿದವಳು ಅಂತ ನಂಬಿದ್ದೆ."

ಏಳಕ್ಕೆ ನಾಲ್ಕು. ಕತ್ತರಿಯಣ್ಣನ ಎದೆ ಉಬ್ಬಿತು. ನನ್ನವಳು ಎಷ್ಟು ಚುರುಕು, ನನ್ನ ಲೆಕ್ಕ ಬಾಯಿ ಬಿಟ್ಟು ಹೇಳದೆ ಅರ್ಥ ಮಾಡಿಕೊಂಡಳು ಎಂದು ಅಂದುಕೊಂಡ. ಇಸ್ತ್ರಿಯವನು ನಗುನಗುತ್ತಲೇ, "ನನ್ನ ಕಥೆ ಮುಗೀತು, ಮುಂದಿನ ಥಾನು ಬರಲಿ" ಎಂದ.

ಕತ್ತರಿಯಣ್ಣ ಮೇಜು ಬಳಸಿ ಗೋಡೆಯ ಕಡೆಗೆ ಹೋಗಿ ನಿಂತ. ಮೂವರು ದರ್ಜಿಗಳು ಅವನ ಹಿಂದೆಯೇ ಬಂದರು. ಇಸ್ತ್ರಿಯವನೂ ಅವನ ಮೂವರೂ ಎದುರು ದಿಕ್ಕಿನಿಂದ ಬಂದು ಕಿಟಕಿಯ ಕಡೆ ಸೇರಿಕೊಂಡರು. ಮೇಜಿನ ತುದಿಯಲ್ಲಿ ಎರಡು ಗುಂಪೂ ಒಂದನ್ನೊಂದು ಹಾಯುವಾಗ ಸ್ವಲ್ಪ ನೂಕುನುಗ್ಗಲಾಯಿತು, ನಗು ಬಂತು. ಚೂರು ಗುಡಿಸುವ ಅಜ್ಜಿ ನಿಧಾನವಾಗಿ ನಡೆದು ಕತ್ತರಿಯಣ್ಣನ ಪಕ್ಕ ಬಂದಳು. ಅವನಿಗೆ ಆಶ್ಚರ್ಯವಾಯಿತು. ಹಾಲಿನಲ್ಲಿ ಅವನಿಂದ ಹೆಚ್ಚು ಬೈಸಿಕೊಂಡವಳು ಅವಳೇ.

"ಏನಜ್ಜೀ, ಈ ಕಡೆ?"

"ನೀನು ಬಾಯಿ ಬಡ್ಕೊಂಡ್ರೂ ಬಟ್ಟೆ ಹಾಳು ಮಾಡಲ್ಲ ಕಣಪ್ಪ. ನಿನ್ನ ಮೇಜಿನ ಕೆಳಗೆ ಗುಡಿಸೋಕೆ ಏನೂ ಇರಲ್ಲ. ಅವತ್ತೂ ನಿನಗೇ ಹಾಕಿದ್ದೆ."

ಕತ್ತರಿಯಣ್ಣ ನಕ್ಕ. ಆಮೇಲೆ ಆ ನಗು ಅರ್ಧಕ್ಕೇ ನಿಂತಿತು. ಅಜ್ಜಿಯ ಗುಂಡಿ ತನ್ನ ಡಬ್ಬಿಯಲ್ಲಿತ್ತು. ದರ್ಜಿಗಳ ಮೂರು, ತನ್ನದು ಒಂದು. ಅಲ್ಲಿಗೆ ಐದೂ ತುಂಬಿದವು. ಅವನು ತಲೆಯೆತ್ತಿ ಮೇಜಿನ ಆಚೆ ನೋಡಿದ.

ಹೆಂಡತಿ ಮೊದಲು ನಿಂತಲ್ಲೇ ನಿಂತಿದ್ದಳು. ಎಲ್ಲರೂ ಅತ್ತಿಂದಿತ್ತ ಓಡಾಡಿದರೂ ಅವಳು ಕಾಜಕ್ಕನ ಪಕ್ಕದಿಂದ ಕದಲಿರಲಿಲ್ಲ. ಕೈಯಲ್ಲಿ ಒಂದು ಅರೆ ಹೊಲಿದ ಕಾಲರು ಹಾಗೆಯೇ ಇತ್ತು.

"ಅಕ್ಕ, ಭಾವ ಆ ಕಡೆ ಇದಾರೆ" ಎಂದ ಇಸ್ತ್ರಿಯವನು. ಈ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

"ಗೊತ್ತು ಕಣೋ. ನೋಡ್ಕೊಂಡೇ ನಿಂತಿದೀನಿ."

ಆರಕ್ಕೆ ಐದು. ಹಳೇ ಮೇಸ್ತ್ರಿಗೆ ಕಣ್ಣು ಮಂಜಾಗಿದ್ದರೂ ಅಷ್ಟು ಕಾಣುತ್ತಿತ್ತು, ಆದರೂ ಬಾಯಿ ಬಿಟ್ಟು ಎಣಿಸಲಿಲ್ಲ. ಅವಳೊಬ್ಬಳು ಇತ್ತ ಬಂದಿದ್ದರೆ ಆರು ಗೋಡೆಯ ಕಡೆಗಾಗುತ್ತಿತ್ತು. ಕತ್ತರಿಯಣ್ಣನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅದರ ಬದಲು ಬಂದದ್ದು ಬರಿಯ ದುಃಖ. ಎಷ್ಟೋ ವರ್ಷದ ಕುರ್ಚಿ ಹೋಯಿತು, ಹೋಗಲಿ. ಅದನ್ನು ಎಳೆದುಕೊಂಡವಳು ಇವಳೇ ಆಗಬೇಕಿತ್ತೇ?

ಅವನು ಮೇಜಿನ ಮೇಲಿದ್ದ ಬೀಗದ ಕೈಯನ್ನು ಕಾಜಕ್ಕನ ಕಡೆಗೆ ಸರಿಸಿದ. "ತಗೋಮ್ಮ. ಇಬ್ಬರನ್ನೂ ಗೆದ್ದಿದೀಯ."

"ಅಣ್ಣ, ನಿಮಗೆ ಬೇಜಾರು..."

"ಬೇಜಾರಾಗಿದೆ. ಅದು ನನ್ನ ಪಾಡು. ಲೆಕ್ಕ ಮಾತ್ರ ಸರಿಯಾಗಿದೆ."

ಕಾಜಕ್ಕ ಬೀಗದ ಕೈ ಎತ್ತಿಕೊಂಡಳು. ಕುರ್ಚಿಯಲ್ಲಿ ಕೂರಲಿಲ್ಲ, ಅದರ ಮೇಲೆ ಮಡಿಸಿದ ಅಂಗಿಗಳನ್ನು ಪೇರಿಸಿಟ್ಟು ತನ್ನ ಸ್ಟೂಲಿಗೇ ಹೋದಳು. ಸ್ವಲ್ಪ ಹೊತ್ತಿಗೆ ಯಂತ್ರಗಳು ಶುರುವಾದವು. ಯಾರೋ ಗುನುಗಿದರು. ಕತ್ತರಿಯಣ್ಣ ಮಾಡಲು ಬೇರೇನೂ ಇಲ್ಲದೆ ಮೊಳೆಯಿಂದ ಕತ್ತರಿ ಇಳಿಸಿದ, ಎರಡು ಸಲ ಗಾಳಿಯಲ್ಲಿ ಆಡಿಸಿದ. ಕೀಲು ಸ್ವಲ್ಪ ಬಿಗಿದುಕೊಂಡಿತ್ತು. ಒಂದು ಹನಿ ಎಣ್ಣೆ ಬಿಟ್ಟು, ದಾದಿಯರ ಅಂಗಿಯ ಬಿಳಿ ಬಟ್ಟೆಯನ್ನು ಹರಡಿ ಕತ್ತರಿಸಲು ನಿಂತ. ಸಂಜೆಯವರೆಗೆ ತಲೆ ಎತ್ತಲಿಲ್ಲ. ಮೂರು ಅಂಗಿ ಕತ್ತರಿಸಿದ ಮೇಲೆ ದುಃಖ ಅರ್ಧ ಕಡಿಮೆಯಾದದ್ದು ಅವನಿಗೂ ಗೊತ್ತಾಯಿತು, ಅದಕ್ಕೂ ಸಿಟ್ಟು ಬಂತು.

ಗಂಡ ಹೆಂಡತಿ ಮನೆಯ ದಾರಿ ಹಿಡಿದರು. ಅಂಗಡಿಗಳ ಬಾಗಿಲು ಎಳೆಯುತ್ತಿದ್ದರು. ಬೀದಿಯ ತಿರುವಿನಲ್ಲಿ ಅವನೇ ಮಾತು ಶುರುಮಾಡಿದ.

"ಮೊದಲನೇ ಸಲಾನೂ ನನಗೆ ಹಾಕಲಿಲ್ವಾ?"

"ಇಲ್ಲ."

"ನಿನ್ನ ತಮ್ಮನಿಗೂ ಇಲ್ಲ?"

"ಕಾಜಕ್ಕನ ಎರಡರಲ್ಲಿ ಒಂದು ನಂದು."

"ನಾನೂ ನಿನ್ನ ತಮ್ಮನೂ ಇಬ್ಬರೇ ಮೇಜಿನ ಆಚೆ ಈಚೆ ನಿಂತಿದ್ರೆ?"

"ಅದನ್ನ ಯಾರೂ ಕೇಳಲಿಲ್ಲವಲ್ಲ" ಎಂದು ಅವಳು ಮಾತನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬಿಟ್ಟಳು.

ಅವನು ನಡೆಯುವುದನ್ನು ನಿಲ್ಲಿಸಿದ. "ನಾನು ಅಷ್ಟು ಕೆಟ್ಟವನೇನೇ?"

ಅವಳೂ ನಿಂತಳು. "ಮೇಸ್ತ್ರಿ ಆದವರು ಕತ್ತರಿ ಮುಟ್ಟೋ ಹಾಗಿಲ್ಲ. ಆ ಕುರ್ಚಿ ಆಸೇಲಿ ಅದನ್ನ ಮರೆತೇಬಿಟ್ರಿ. ರಜಾ ದಿನ ಒಂದು ಹೊತ್ತು ಕತ್ತರಿ ಇಲ್ಲದೆ ಮನೇಲಿದ್ರೆ ಪಾತ್ರೆ ಜೊತೆ ಜಗಳ ಆಡ್ತೀರ. ಈ ಒಂದು ತಿಂಗಳು ನಿಮ್ಮ ಕೈ ನೀವು ನೋಡ್ಕೊಂಡಿದೀರಾ? ಊಟಕ್ಕೆ ಕೂತ್ರೆ ಬೆರಳು ಆಡಿಸ್ತೀರ. ನಿದ್ದೇಲಿ ಹೊದಿಕೆ ಅಂಚು ಹಿಡಿದು ಕತ್ತರಿಸ್ತೀರ. ಉಳಿದ ಐದು ಜನ ಯಾಕೆ ಆ ಕಡೆ ನಿಂತ್ರೋ ಅವರನ್ನ ಕೇಳಿ, ಬೈಗುಳಕ್ಕೆ ಹೆದರಿ ಇದ್ದರೂ ಇರಬಹುದು. ನಿಮ್ಮ ಬೈಗುಳ ನನಗೇನು ಹೊಸದಾ?"

ಅವನು ಬೀದಿದೀಪದ ಬೆಳಕಿಗೆ ಒಂದು ಹೆಜ್ಜೆ ಸರಿದ. ಬಲಗೈಯನ್ನು ಒಮ್ಮೆ ನೋಡಿಕೊಂಡ. ಹೆಬ್ಬೆರಳ ಬುಡದಲ್ಲಿ ಕತ್ತರಿಯ ಗುರುತು ಮತ್ತೆ ಕೆಂಪಗೆ ಮೂಡಿತ್ತು.

ಮನೆಯ ಬಾಗಿಲಿಗೆ ಬಂದರು. ಅವಳು ಚೀಲದಲ್ಲಿ ಬೀಗದ ಕೈ ಹುಡುಕುತ್ತ, ತಲೆಯೆತ್ತದೆ ಕೇಳಿದಳು.

"ನಿಮ್ಮ ಥಾನಿನ ಲೆಕ್ಕದಲ್ಲೇ ಒಂದು ಮಾತು ಹೇಳಿ. ನಾನು, ನಿಮ್ಮ ಕತ್ತರಿ. ಎರಡೇ. ಬೆಳಕಿಗೆ ಪಕ್ಕಪಕ್ಕ ಹಿಡಿದು ನೋಡಿ ಹೇಳಿ, ಯಾವ್ದು?"

ಬೇರೆ ಯಾವ ಗಂಡನಾದರೂ ತಟ್ಟನೆ ಒಂದು ಸುಳ್ಳು ಹೇಳಿ ಪಾರಾಗುತ್ತಿದ್ದ. ಕತ್ತರಿಯಣ್ಣ ಬಾಯಿ ತೆರೆದ, ಮುಚ್ಚಿದ. ಇನ್ನೊಮ್ಮೆ ತೆರೆದ. ಅಷ್ಟರಲ್ಲಿ ಅವಳಿಗೆ ಬೀಗದ ಕೈ ಸಿಕ್ಕಿತ್ತು, ಬೀಗ ತೆಗೆದಳು.

"ಗೊತ್ತು ಬಿಡಿ" ಎಂದಳು. "ಅದಕ್ಕೇ ಅಲ್ವಾ ಆ ಕಡೆ ನಿಂತಿದ್ದು."